ಗ್ರಾಮದ ನೀರಿನ ಲೆಕ್ಕ: ಕುಡಿಯುವ ನೀರು, ಜಾನುವಾರು, ಬೆಳೆ

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಪಾಲಾರ್, ದಕ್ಷಿಣ ಪಿನಾಕಿನಿ, ಮಾರ್ಕಂಡೇಯ ನದಿಗಳು ಮಳೆಗಾಲದಲ್ಲಿ ಮೈದುಂಬಿದರೆ ಉಂಟು. ಇದನ್ನು ಅರಿತೇ ಹಿಂದಿನವರು ಮೇಲಿನ ಕೆರೆಯ ಕೋಡಿ ನೀರು ಕೆಳಗಿನ ಕೆರೆಗೆ ಸೇರುವಂತೆ ಕೆರೆಗಳ ಸರಣಿಯನ್ನು ಕಟ್ಟಿದರು. ಕೊಳವೆಬಾವಿ ಬಂದ ಮೇಲೆ ರಾಜಕಾಲುವೆಗಳು ಮರೆತುಹೋದವು. ಇಂದು ಸಾವಿರ ಅಡಿ ಕೊರೆದರೂ ನೀರು ಸಿಗದ ಊರುಗಳು ಅಪರೂಪವಲ್ಲ.

ಹೊರಗಿನ ಆಸರೆಗಳೂ ಬಂದಿವೆ. ಬೆಂಗಳೂರಿನ ಸಂಸ್ಕರಿತ ಕೊಳಚೆ ನೀರು ಕೆ.ಸಿ. ವ್ಯಾಲಿ ಯೋಜನೆಯ ಮೂಲಕ 2018ರಿಂದ ಜಿಲ್ಲೆಯ ಕೆರೆಗಳಿಗೆ ಹರಿಯುತ್ತಿದೆ. ಈ ನೀರು ಅಂತರ್ಜಲ ಮರುಪೂರಣಕ್ಕೇ ಹೊರತು ನೇರ ಬಳಕೆಗಲ್ಲ. ಕೆರೆಗೆ ಪಂಪು ಇಳಿಸುವವರಿಗೆ ಇದನ್ನು ತಿಳಿಹೇಳುವ ಹೊಣೆ ಪಂಚಾಯಿತಿಯದೇ. ಮಾರ್ಕಂಡೇಯ ನದಿಗೆ ಯರಗೋಳ್ ಬಳಿ ಕಟ್ಟಿದ ಅಣೆಕಟ್ಟಿನ ಸಾಮರ್ಥ್ಯ 500 ದಶಲಕ್ಷ ಘನ ಅಡಿ, ಅಂದರೆ ಸುಮಾರು 1,416 ಕೋಟಿ ಲೀಟರ್. ಕೋಲಾರ, ಮಾಲೂರು, ಬಂಗಾರಪೇಟೆ ಪಟ್ಟಣಗಳೊಡನೆ ಹಲವು ಗ್ರಾಮಗಳೂ ಅದರ ಪಾಲುದಾರರು. ಆದರೆ ಒಂದೇ ಕೊಳವೆಮಾರ್ಗವನ್ನು ಹಲವರು ಹಂಚಿಕೊಂಡಾಗ ಕೊನೆಯ ತುದಿಯ ಊರಿಗೆ ನೀರು ಕಡಿಮೆಯಾಗುವುದು ಸಹಜ. ಆದುದರಿಂದ ದೊಡ್ಡ ಯೋಜನೆ ಬಂದಿತೆಂದು ಸ್ಥಳೀಯ ಮೂಲವನ್ನು ಕೈಬಿಡುವುದು ವಿವೇಕವಲ್ಲ.

ಇನ್ನು ಲೆಕ್ಕದ ಮಾತು. ಜಲ ಜೀವನ್ ಮಿಷನ್ ನಿಗದಿಪಡಿಸಿದ ಪ್ರಮಾಣ ತಲೆಗೆ ದಿನಕ್ಕೆ 55 ಲೀಟರ್. 3,000 ಜನರ ಊರಿಗೆ ದಿನಕ್ಕೆ 1,65,000 ಲೀಟರ್ ಬೇಕು. ಹಾಲಿನ ಸೀಮೆಯಲ್ಲಿ ಲೆಕ್ಕ ಇಲ್ಲಿಗೇ ನಿಲ್ಲುವುದಿಲ್ಲ. ಹಸುವೊಂದಕ್ಕೆ ದಿನಕ್ಕೆ 50 ಲೀಟರ್ ಎಂದಿಟ್ಟುಕೊಂಡರೂ 600 ಹಸುಗಳಿಗೆ 30,000 ಲೀಟರ್. ಕಾಗದದಲ್ಲಿ ಕಾಣದ ಈ ನೀರು ಹೋಗುವುದು ಮನೆಯ ನಲ್ಲಿಯಿಂದಲೇ. ಯೋಜನೆ ಸರಿಯಾಗಿದ್ದೂ ನೀರು ಸಾಲದು ಎಂಬ ದೂರಿಗೆ ಅನೇಕ ಕಡೆ ಇದೇ ಕಾರಣ.

ಒಂದು ಎಕರೆ ಭತ್ತಕ್ಕೆ ಸುಮಾರು 1,200 ಮಿಲಿಮೀಟರ್ ನೀರು ಬೇಕೆಂದರೆ ಒಂದು ಬೆಳೆಗೆ 48 ಲಕ್ಷ ಲೀಟರಿಗೂ ಹೆಚ್ಚು. ಅದು ಮೇಲಿನ ಊರಿನ ಜನರಿಗೆ 29 ದಿನ ಸಾಲುವ ನೀರು. ಅದರಲ್ಲಿ ಒಂದು ಭಾಗ ಮರಳಿ ನೆಲಕ್ಕಿಳಿಯುತ್ತದೆ, ನಿಜ. ಆದರೆ ಬೇಸಗೆಯ ಕೊರತೆಯ ಹೊತ್ತಿಗೆ ಅದು ಕೈಗೆ ಸಿಗುವ ನೀರಲ್ಲ. ಬೇಡಿಕೆ ಇದರ ಅರ್ಧದಷ್ಟಿರುವ ಬೆಳೆಯನ್ನು ಆಯ್ದರೂ ಎಕರೆಗೆ ಎರಡು ವಾರದ ಕುಡಿಯುವ ನೀರು ಉಳಿದಂತೆ.

ಈ ಅಂಕಿಗಳನ್ನು ಹಿಡಿದು ರೈತನನ್ನು ಅಪರಾಧಿಯಾಗಿಸುವುದು ಅನ್ಯಾಯ. ಸಾಲ ಮಾಡಿ ಕೊಳವೆಬಾವಿ ಕೊರೆಸಿದವನಿಗೆ ಪೈರು ನಿಂತಿರುವಾಗ, ಏಪ್ರಿಲ್‌ನಲ್ಲಿ, ಪಂಪು ನಿಲ್ಲಿಸೆಂದರೆ ಅವನ ಸಂಸಾರವೇ ಕುಸಿಯುತ್ತದೆ. ಆದರೆ ಕುಡಿಯುವ ನೀರಿಗೆ ಮೊದಲ ಸ್ಥಾನ ಎಂಬುದರಲ್ಲಿ ವಿವಾದವಿಲ್ಲ. ಕುಡಿಯುವ ನೀರಿನ ಮೂಲಗಳ ಸಂರಕ್ಷಣೆಗಾಗಿ ರಾಜ್ಯವು 1999ರಲ್ಲಿ ರೂಪಿಸಿದ ಅಂತರ್ಜಲ ಕಾಯಿದೆಯಂತೆ ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಅನುಮತಿಯಿಲ್ಲದೆ ಹೊಸ ಬಾವಿ ತೋಡುವಂತಿಲ್ಲ. ಕೊರೆಯುವ ಯಂತ್ರ ಊರಿಗೆ ಬಂದ ರಾತ್ರಿಯೇ ಆಕ್ಷೇಪಿಸದಿದ್ದರೆ ಮರುದಿನ ಆ ಕಾಯಿದೆಯಿಂದ ಪ್ರಯೋಜನ ಅಲ್ಪ.

ಆದ್ದರಿಂದ ಇಡೀ ವಿಷಯ ಸಮಯದ ಮೇಲೆ ನಿಂತಿದೆ. ಕೊಳವೆಬಾವಿ ಕೊರೆದ ದಿನದ ಇಳುವರಿಯನ್ನು ಕಡತದಲ್ಲಿ ಬರೆದು ಅದರ ಮೇಲೆಯೇ ಯೋಜನೆ ಮಾಡುವ ರೂಢಿ ಹಲವೆಡೆ ಇದೆ. ಬೇಕಾದುದು ಏಪ್ರಿಲ್-ಮೇ ತಿಂಗಳ ಇಳುವರಿ. ತುಂಬುವ ಟ್ಯಾಂಕಿನ ಅಳತೆ ತಿಳಿದಿದ್ದರೆ, ಅದು ಎಷ್ಟು ಹೊತ್ತಿನಲ್ಲಿ ತುಂಬುತ್ತದೆಂದು ನೀರುಗಂಟಿ ತಿಂಗಳಿಗೊಮ್ಮೆ ಗಡಿಯಾರ ನೋಡಿ ಬರೆದಿಟ್ಟರೆ ಸಾಕು. ಬೇರೆ ಉಪಕರಣ ಬೇಡ. ಆ ಪುಸ್ತಕವನ್ನು ಬೇಸಗೆ ಬೆಳೆಯ ಬಿತ್ತನೆಗೆ ಮೊದಲೇ ಗ್ರಾಮಸಭೆಯ ಮುಂದಿಡಬೇಕು. ಯಾವ ಖಾಸಗಿ ಕೊಳವೆಬಾವಿಯನ್ನು ಯಾವ ತಿಂಗಳಿನಿಂದ, ಎಷ್ಟು ಬಾಡಿಗೆಗೆ ಊರಿಗಾಗಿ ಪಡೆಯಲಾಗುವುದೆಂದು ಅಲ್ಲಿಯೇ ಮಾಲೀಕರ ಒಪ್ಪಿಗೆ ಪಡೆದು ನಡಾವಳಿಯಲ್ಲಿ ದಾಖಲಿಸಬೇಕು. ಆಗ ಆ ರೈತನಿಗೆ ಬಿತ್ತಬೇಕೇ ಬೇಡವೇ ಎಂದು ನಿರ್ಧರಿಸಲು ಇನ್ನೂ ಕಾಲಾವಕಾಶ ಇರುತ್ತದೆ.