ಮೋಟಾರಿನ ಉಸಿರು

ಬನದ ಹುಣ್ಣಿಮೆಗೆ ಸವದತ್ತಿಯ ಎಲ್ಲಮ್ಮನ ಗುಡ್ಡವನ್ನೇರಿದ ಶ್ರೋತೃಗಳಿಗೆ ಅಲ್ಲಿಯ ಧೂಳನ್ನು ನಾವು ವರ್ಣಿಸಬೇಕಾದುದಿಲ್ಲ. ತೊರಗಲ್ಲು ನಾಡಿನ ಎರೆಹೊಲಗಳ ಹುಡಿ, ಚಕ್ಕಡಿಯ ಗಾಲಿಗಳೆಬ್ಬಿಸಿದ ಮಣ್ಣು, ಭಕ್ತರು ತೂರುವ ಭಂಡಾರ; ಇವೆಲ್ಲವನ್ನೂ ಮನುಷ್ಯನಂತೆ ಅವನ ಮೋಟಾರೂ ಉಸಿರಾಡುವುದು. ಯಾತ್ರಿಕರನ್ನು ತುಂಬಿಕೊಂಡ ಬಾಡಿಗೆಯ ಗಾಡಿಯೊಂದು ಏರಿನಲ್ಲಿ ಮುಗ್ಗರಿಸಿ ನಿಂತಿತೆಂದರೆ, "ಏರ್ ಫ್ಲೋ ಸೆನ್ಸರ್ ಹೋಗೇದ, ಹೊಸದು ಹಾಕಸ್ರಿ" ಎಂಬ ತೀರ್ಪು ಬಲು ಬೇಗ ಹೊರಬೀಳುತ್ತದೆ. ಜಾತ್ರೆಯ ದುಡಿಮೆಯನ್ನೇ ನಂಬಿದ ಚಾಲಕನಿಗೆ ಅದು ಹಲವು ದಿನಗಳ ಗಳಿಕೆಯ ದಂಡ. ದಂಡಕ್ಕೆ ಮುನ್ನ ವಿಚಾರಣೆ ಬೇಡವೆ?

ಪೆಟ್ರೋಲು ಸರಿಯಾಗಿ ಉರಿಯಲು ಅದರ ತೂಕದ ಸುಮಾರು 14.7 ಪಟ್ಟು ಗಾಳಿ ಬೇಕು. ಆದುದರಿಂದ ಗಾಡಿಯ ಕಂಪ್ಯೂಟರು ಒಳಬರುವ ಗಾಳಿಯ ತೂಕವನ್ನರಿತು ಎಣ್ಣೆಯನ್ನು ಅಳೆದು ಕೊಡುವುದು. ಗಾಳಿಯನ್ನು ತೂಗುವುದೆಂತು? ಏರ್ ಫಿಲ್ಟರಿನ ಮುಂದಣ ಕೊಳವೆಯಲ್ಲಿ ನವಿರಾದ ತಂತಿಯನ್ನೋ ತೆಳುವಾದ ಹಾಳೆಯನ್ನೋ ವಿದ್ಯುತ್ತಿನಿಂದ ಕಾಯಿಸಿಟ್ಟಿರುತ್ತಾರೆ. ಬಿಸಿ ಅಂಬಲಿಯನ್ನು ಊದಿದಷ್ಟೂ ಅದು ಆರುವಂತೆ, ಗಾಳಿ ಹರಿದಷ್ಟೂ ತಂತಿ ಆರುವುದು. ಅದರ ಕಾವನ್ನು ಕಾಯ್ದುಕೊಳ್ಳಲು ವ್ಯಯವಾಗುವ ವಿದ್ಯುತ್ತೇ ಗಾಳಿಯ ಅಳತೆ. ಈ ತತ್ತ್ವದ ಗಣಿತವನ್ನು ಎಲ್. ವಿ. ಕಿಂಗ್ ಎಂಬ ವಿಜ್ಞಾನಿ 1914ರಲ್ಲಿಯೇ ಪ್ರಕಟಿಸಿದ್ದನು. ತಂತಿಗೆ ಹುಡಿ ಮೆತ್ತಿದರೆ ಅದು ಕಂಬಳಿ ಹೊದ್ದಂತಾಗಿ, ಏರಿನಲ್ಲಿ ಬಂದ ಗಾಳಿಯನ್ನು ಕಡಿಮೆಯೆಂದು ವರದಿ ಮಾಡುವುದು, ಎಣ್ಣೆಯೂ ಕಡಿಮೆಯಾಗುವುದು.

ಇನ್ನು ಪರೀಕ್ಷೆ. ಮೊದಲು ಫಿಲ್ಟರನ್ನೂ, ಸೆನ್ಸರಿನಿಂದ ಎಂಜಿನ್ನಿಗೆ ಹೋಗುವ ರಬ್ಬರು ಕೊಳವೆಯನ್ನೂ ಕಣ್ಣಾರೆ ನೋಡಬೇಕು. ಕೊಳವೆ ಸೀಳಿದ್ದರೆ ಲೆಕ್ಕಕ್ಕೆ ಸಿಗದ ಗಾಳಿ ಒಳನುಗ್ಗುವುದು. ಅಪವಾದ ಮಾತ್ರ ಸೆನ್ಸರಿಗೆ. ಅನಂತರ ಸ್ಕ್ಯಾನರು. 1.2 ಲೀಟರಿನ ಎಂಜಿನ್ನನ್ನು ತೆಗೆದುಕೊಳ್ಳೋಣ. ಎರಡು ಸುತ್ತಿಗೊಮ್ಮೆ ಅದು ತನ್ನ ಗಾತ್ರದಷ್ಟು ಗಾಳಿಯನ್ನೆಳೆಯುವುದು. ನಿಮಿಷಕ್ಕೆ 3000 ಸುತ್ತಿನಲ್ಲಿ ಅದು ಸೆಕೆಂಡಿಗೆ 30 ಲೀಟರು. ಸವದತ್ತಿಯು ಸಮುದ್ರಮಟ್ಟಕ್ಕಿಂತ 600 ಮೀಟರಿಗೂ ಮೇಲಿರುವುದರಿಂದ ಅಲ್ಲಿ ಲೀಟರು ಗಾಳಿಯ ತೂಕ ಸುಮಾರು 1.1 ಗ್ರಾಮು, ಒಟ್ಟು 33 ಗ್ರಾಮು. ವೇಗದ ಪೆಡಲನ್ನು ಪೂರ್ತಿ ಅದುಮಿ ಏರುವಾಗ ಸ್ಕ್ಯಾನರು ಇದಕ್ಕಿಂತ ತುಸು ಕಡಿಮೆ ತೋರಿದರೆ ಸಹಜ. ಅರ್ಧಕ್ಕಿಳಿದರೆ ಸಂಶಯ ನ್ಯಾಯವಾದುದು. (ಅಂಕಿಯನ್ನೋದುವವನು ಚಾಲಕನಾಗಿರದಿರಲಿ!)

ಆದರೂ ಸಂಶಯವು ಸಾಕ್ಷ್ಯವಲ್ಲ. ಫಿಲ್ಟರು ಕಟ್ಟಿದ್ದರೆ ನಿಜವಾಗಿಯೂ ಗಾಳಿ ಕಡಿಮೆಯೇ ಬರುವುದು. ಸೆನ್ಸರು ಸತ್ಯವನ್ನೇ ನುಡಿದಿರುವುದು. ಇಲ್ಲಿ ಹೊಗೆಕೊಳವೆಯ ಆಮ್ಲಜನಕ ಮಾಪಕವನ್ನು ಕೇಳಬೇಕು. ಸಾಧಾರಣ ಓಟದಲ್ಲಿ ಅದರ ದೂರಿನ ಮೇರೆಗೆ ಕಂಪ್ಯೂಟರು ಎಣ್ಣೆಯನ್ನು ಕೂಡಿಸುತ್ತಲೇ ಇದ್ದು, ಭಾರ ಹೆಚ್ಚಿದಂತೆ ಆ ಕೂಡಿಕೆಯೂ ಹೆಚ್ಚಿದರೆ, ಸೆನ್ಸರು ಕಡಿಮೆ ಹೇಳುತ್ತಿದೆಯೆಂದು ಬಲವಾಗಿ ಊಹಿಸಬಹುದು. ನಿಂತಲ್ಲಿ ಮಾತ್ರ ಹೆಚ್ಚಾಗಿ ಓಟದಲ್ಲಿ ಇಳಿದರೆ ಸೀಳಿದ ಕೊಳವೆಯನ್ನೇ ಮತ್ತೆ ಹುಡುಕುವುದು ಲೇಸು.

ಸೆನ್ಸರೇ ದೋಷಿಯೆಂದು ಕಂಡರೂ ಕೂಡಲೇ ಎಸೆಯಬೇಕಾದುದಿಲ್ಲ. ಅದಕ್ಕೆಂದೇ ಮಾರುವ ಸ್ಪ್ರೇಯನ್ನು, ತಂತಿಯನ್ನು ಬಟ್ಟೆಯಿಂದಾಗಲಿ ಬೆರಳಿನಿಂದಾಗಲಿ ಮುಟ್ಟದೆ, ಹೊಡೆದು ಪೂರ್ತಿ ಒಣಗಿಸಿ, ಅದೇ ಏರಿನಲ್ಲಿ ಮತ್ತೆ ಅಂಕಿಯನ್ನು ನೋಡಬೇಕು. ಹಲವು ಸಣ್ಣ ಪೆಟ್ರೋಲು ಗಾಡಿಗಳಲ್ಲಂತೂ ಈ ಸೆನ್ಸರೇ ಇರುವುದಿಲ್ಲ. ಒತ್ತಡವನ್ನಳೆಯುವ ಬೇರೊಂದು ಮಾಪಕದಿಂದ ಅವುಗಳ ಲೆಕ್ಕ ಸಾಗುವುದು. ಬೆಲೆ ಕೇಳುವ ಮೊದಲು ಅದು ತಮ್ಮ ಗಾಡಿಯಲ್ಲಿ ಎಲ್ಲಿದೆಯೆಂದು ತೋರಿಸಲು ಕೇಳಬಹುದು.