ಹುಳುಕು ಹಿಡಿಯುವ ಮುನ್ನ

(ಪ್ರಾಥಮಿಕ ಶಾಲಾ ಶಿಕ್ಷಕರ ಸಭೆಯಲ್ಲಿ ಮಾಡಿದ ಭಾಷಣ)



‘ಹುಳುಕು’ ಎಂಬ ಮಾತಿನಲ್ಲೇ ಹುಳು ಅಡಗಿದೆ. ಹಲ್ಲನ್ನು ಹುಳು ಕೊರೆಯುತ್ತದೆ ಎಂಬ ನಂಬಿಕೆ ನಮ್ಮಲ್ಲಷ್ಟೇ ಅಲ್ಲ, ಪ್ರಾಚೀನ ಬ್ಯಾಬಿಲೋನಿನಲ್ಲೂ ಇತ್ತು. ನಿಜವಾಗಿ ಕೊರೆಯುವುದು ಆಮ್ಲ. ನಾವು ತಿಂದ ಸಿಹಿಯನ್ನು ಬಾಯಿಯ ಬ್ಯಾಕ್ಟೀರಿಯಾಗಳು ಆಮ್ಲವಾಗಿಸುತ್ತವೆ. ಹಲ್ಲಿನ ಹೊರಕವಚವಾದ ಎನಾಮೆಲ್‌ನ ತೂಕದಲ್ಲಿ ಸುಮಾರು ಶೇಕಡ 96 ಭಾಗ ಖನಿಜ. ಆಮ್ಲ ಕರಗಿಸುವುದು ಅದನ್ನೇ.

ಕುಳಿ ಬೀಳುವುದು ಈ ಕಥೆಯ ಕೊನೆಯ ಅಧ್ಯಾಯ. ಮೊದಲ ಅಧ್ಯಾಯ ಒಂದು ಬಿಳಿ ಮಚ್ಚೆ. ಮೇಲ್ಪದರ ಉಳಿದಿರುತ್ತದೆ, ಒಳಗೆ ಸೂಕ್ಷ್ಮ ರಂಧ್ರಗಳಾಗಿರುತ್ತವೆ. ಕಲ್ಲುಸಕ್ಕರೆಯ ಹರಳು ಬೆಳಕನ್ನು ಹಾಯಗೊಡುತ್ತದೆ. ಕುಟ್ಟಿ ಪುಡಿ ಮಾಡಿದರೆ ಬೆಳ್ಳಗಾಗುತ್ತದೆ. ಬೆಳಕು ಚದರುವುದೇ ಇದಕ್ಕೆ ಕಾರಣ. ಎನಾಮೆಲ್‌ನಲ್ಲಿ ಆಗುವುದೂ ಅದೇ.

ಹಲ್ಲಿನ ಒಳಗನ್ನು ನೋಡುವ ಹಂಬಲ ಹಳೆಯದು. ರಾಂಟ್‌ಜನ್ 1895ರಲ್ಲಿ ಎಕ್ಸ್-ರೇ ಕಂಡುಹಿಡಿದ ಕೆಲವೇ ವಾರಗಳಲ್ಲಿ ಜರ್ಮನಿಯ ದಂತವೈದ್ಯ ಆಟೊ ವಾಲ್ಕಾಫ್ ತಮ್ಮ ಹಲ್ಲುಗಳದೇ ಚಿತ್ರ ತೆಗೆದರು. ಅದಕ್ಕಾಗಿ ಅವರು 25 ನಿಮಿಷ ಅಲುಗಾಡದೆ ಇರಬೇಕಾಯಿತು! ಆದರೆ ಖನಿಜ ಸಾಕಷ್ಟು ನಷ್ಟವಾದ ಮೇಲಷ್ಟೇ ಎಕ್ಸ್-ರೇಯಲ್ಲಿ ಹುಳುಕು ಕಾಣುತ್ತದೆ.

ಬೆಳಕು ಇದಕ್ಕಿಂತ ಸೂಕ್ಷ್ಮ. ನೀಲಿ ಬೆಳಕು ಬಿಟ್ಟರೆ ಆರೋಗ್ಯವಂತ ಹಲ್ಲು ಹಸಿರಾಗಿ ಮಿನುಗುತ್ತದೆ, ಖನಿಜ ಕಳೆದ ಜಾಗ ಕಪ್ಪಾಗಿ ಉಳಿಯುತ್ತದೆ. ಕಣ್ಣಿಗೆ ಕಾಣದ ಅವಕೆಂಪು ಬೆಳಕಿಗೆ ಎನಾಮೆಲ್ ಬಹುಮಟ್ಟಿಗೆ ಗಾಜಿನಂತೆ. ಹಲ್ಲಿನ ಮೂಲಕ ಹಾಯಿಸಿದಾಗ ಹುಳುಕು ನೆರಳಾಗಿ ಕಾಣುತ್ತದೆ. ಕಣ್ಣಿನ ಪರೀಕ್ಷೆಯಲ್ಲಿ ಬಳಕೆಯಲ್ಲಿರುವ ಓಸಿಟಿ ಎಂಬ ವಿಧಾನ 1991ರಲ್ಲಿ ಪ್ರಕಟವಾಯಿತು. ಹಲ್ಲಿನ ಪದರಗಳನ್ನು ಕೊಯ್ಯದೆಯೇ ತೋರಿಸಲು ಅದನ್ನೂ ಪ್ರಯೋಗಿಸಲಾಗಿದೆ. ಇವುಗಳಲ್ಲಿ ವಿಕಿರಣದ ಭಯವಿಲ್ಲ. ಮತ್ತೆ ಮತ್ತೆ ನೋಡಬಹುದು.

ಇಷ್ಟು ಬೇಗ ಕಂಡು ಏನು ಪ್ರಯೋಜನ? ಪ್ರಯೋಜನ ದೊಡ್ಡದು. ಕುಳಿ ಬಿದ್ದ ಎನಾಮೆಲ್ ಮತ್ತೆ ಬೆಳೆಯುವುದಿಲ್ಲ. ಮಚ್ಚೆಯ ಹಂತದಲ್ಲಾದರೆ ಜೊಲ್ಲಿನಲ್ಲಿರುವ ಕ್ಯಾಲ್ಸಿಯಂ, ಫಾಸ್ಫೇಟ್‌ಗಳು ಫ್ಲೋರೈಡಿನ ನೆರವಿನಿಂದ ಮರಳಿ ಸೇರಬಲ್ಲವು. ಒಮ್ಮೆ ಕೊರೆದು ತುಂಬಿಸಿದ ಹಲ್ಲು ಜೀವನಪರ್ಯಂತ ರಿಪೇರಿ ಬೇಡುತ್ತದೆ.

ಒಂದು ಎಚ್ಚರಿಕೆ. ಬಿಳಿ ಮಚ್ಚೆಯೆಲ್ಲ ಹುಳುಕಲ್ಲ. ಪಾವಗಡ, ಕೋಲಾರದ ಕಡೆ ನೀರಿನಲ್ಲಿ ಫ್ಲೋರೈಡ್ ಹೆಚ್ಚಾಗಿ ಮಕ್ಕಳ ಹಲ್ಲಿನಲ್ಲಿ ಮೂಡುವ ಮಚ್ಚೆ ಬೇರೆ. ಕಲೆಯನ್ನು ಹುಳುಕೆಂದು ಯಂತ್ರ ತಪ್ಪು ತಿಳಿಯಬಹುದು. ಕೊರೆಯುವ ಮೊದಲು ವೈದ್ಯರ ವಿವೇಕ ಬೇಕೇ ಬೇಕು.

ಯಂತ್ರ ನಿಮ್ಮೂರಿಗೆ ಬರುವ ತನಕ ಕಾಯಬೇಕಿಲ್ಲ. ಮಗುವಿನ ತುಟಿ ಎತ್ತಿ, ಹಲ್ಲು ಒರೆಸಿ, ಹಗಲು ಬೆಳಕಿನಲ್ಲಿ ನೋಡಿ. ಹಲ್ಲು ಒಣಗಿದಾಗ ಮಚ್ಚೆ ಎದ್ದು ಕಾಣುತ್ತದೆ. ಕಂಡರೆ, ನೋವು ಬರಲೆಂದು ಕಾಯದೆ ವೈದ್ಯರಲ್ಲಿಗೆ ಕರೆದೊಯ್ಯಲು ಹೆತ್ತವರಿಗೆ ಹೇಳಿ.