ಹೆಬ್ಬೆಟ್ಟಿನ ಕಳವು
(ಗಿರಣಿ ಕೆಲಸಗಾರರ ಹಾಗೂ ಚಿಲ್ಲರೆ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



ಸಾಹುಕಾರನು ಖಾಲಿ ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡು, ಆಮೇಲೆ ತನಗೆ ಬೇಕಾದ ಮೊತ್ತವನ್ನು ಬರೆದುಕೊಳ್ಳುತ್ತಿದ್ದ ಕಾಲವನ್ನು ನಮ್ಮ ಹಿರಿಯರು ಕಂಡಿದ್ದಾರೆ. ಆ ಹಿಡಿತದಿಂದ ಪಾರಾಗಲೆಂದೇ ನಾವು ರುಜು ಹಾಕುವುದನ್ನು ಕಲಿತೆವು, ಇತರರಿಗೂ ಕಲಿಸಿದೆವು. ಇಂದು ಓದಿದವನೂ ಓದದವನೂ ಪಡಿತರದಂಗಡಿಯಲ್ಲಿ, ಸಿಮ್ ಮಾರುವವನ ಮುಂದೆ, ಬ್ಯಾಂಕ್ ಮಿತ್ರನ ಯಂತ್ರದ ಮೇಲೆ ಮತ್ತೆ ಬೆರಳು ಒತ್ತುತ್ತಿದ್ದಾನೆ.

ಆಧಾರ್ ಜೋಡಿಸಿದ ಖಾತೆಯಿಂದ ಬ್ಯಾಂಕ್ ಮಿತ್ರನ ಬಳಿ ಹಣ ತೆಗೆಯಲು 12 ಅಂಕಿಯ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳ ಗುರುತು, ಇಷ್ಟಿದ್ದರೆ ಸಾಕು. ಪಿನ್ ಬೇಡ, ಒಟಿಪಿ ಬೇಡ. ಪಿಂಚಣಿಯ ಮುದುಕಿಗೆ ಊರಲ್ಲೇ ಹಣ ಸಿಗುವುದು ಒಳ್ಳೆಯದೇ. ಆದರೆ ಬೆರಳನ್ನು ಕದಿಯಲಾದೀತೇ? ಕದ್ದಿದ್ದಾರೆ! 2018ರಲ್ಲಿ ತೆಲಂಗಾಣದ ಒಬ್ಬ ಸಿಮ್ ವ್ಯಾಪಾರಿ ಸರ್ಕಾರದ ಜಾಲತಾಣದಿಂದ ಜಮೀನಿನ ನೋಂದಣಿ ಪತ್ರಗಳನ್ನು ಇಳಿಸಿಕೊಂಡು, ಅವುಗಳಲ್ಲಿದ್ದ ಹೆಬ್ಬೆಟ್ಟುಗಳಿಂದ ರಬ್ಬರ್ ಮೊಹರಿನಂಥ ಅಚ್ಚುಗಳನ್ನು ಮಾಡಿ ಸಾವಿರಾರು ಸಿಮ್ ಚಾಲೂ ಮಾಡಿದ್ದನು. 2023ರಲ್ಲಿ ನಮ್ಮ ರಾಜ್ಯದಲ್ಲೇ, ಕಾವೇರಿ ತಾಣದ ಕ್ರಯಪತ್ರಗಳಿಂದ ಬೆರಳಚ್ಚು ಎತ್ತಿ ಖಾತೆಗಳನ್ನು ಬರಿದು ಮಾಡಿದರೆಂಬ ದೂರುಗಳು ಪೊಲೀಸರ ಮುಂದೆ ಬಂದವು.

ಹಣ ಕಳೆದುಕೊಂಡವರು ಯಾರಿಗೂ ಒಟಿಪಿ ಹೇಳಿರಲಿಲ್ಲ. ಅವರು ಮನೆಗೆ ಬೀಗ ಹಾಕಿದ್ದರು, ಸರ್ಕಾರ ತನ್ನ ಕಪಾಟು ತೆರೆದಿಟ್ಟಿತ್ತು. ನೂಲಿನಲ್ಲಿ ಸವೆದ ನಮ್ಮ ಬೆರಳನ್ನು ಪಡಿತರದ ಯಂತ್ರ ಎಷ್ಟೋ ಸಲ ಒಪ್ಪದೆ ಹಿಂದಕ್ಕೆ ಕಳಿಸುತ್ತದೆ. ಕಳ್ಳನ ರಬ್ಬರನ್ನು ಒಪ್ಪಿಕೊಂಡಿತು ನೋಡಿ! ಪಿನ್ ಹೋದರೆ ಬೇರೆ ಪಿನ್ ಇಟ್ಟುಕೊಳ್ಳಬಹುದು, ಬೆರಳನ್ನು ಬದಲಿಸುವುದು ಹೇಗೆ?

ಆದುದರಿಂದ ಬೆರಳಿಗೇ ಬೀಗ ಹಾಕಬೇಕು. ಆಧಾರ್ ಪ್ರಾಧಿಕಾರದ ಮೊಬೈಲ್ ಆಪ್‌ನಲ್ಲಿ ಇದಕ್ಕೆ ಅವಕಾಶವಿದೆ. ಆಧಾರ್‌ಗೆ ಜೋಡಿಸಿದ ಮೊಬೈಲ್ ನಿಮ್ಮ ಕೈಯಲ್ಲಿರಬೇಕು. ಬೀಗ ಹಾಕಿದ ಮೇಲೆ ಪಡಿತರಕ್ಕೂ ಬೆರಳು ನಡೆಯದು, ಆ ಹೊತ್ತಿಗಷ್ಟೇ ತೆರೆದು ಮತ್ತೆ ಮುಚ್ಚಬೇಕು. ರೇಜಿಗೆಯ ಕೆಲಸ, ನಿಜ. ಕೇಳಿದವರಿಗೆಲ್ಲ ಪೂರ್ತಿ ಆಧಾರಿನ ಜೆರಾಕ್ಸ್ ಕೊಡುವ ಚಾಳಿಯನ್ನೂ ಬಿಡೋಣ. ಕೊನೆಯ 4 ಅಂಕಿಗಳಷ್ಟೇ ಕಾಣುವ ಪ್ರತಿಯನ್ನು ಪ್ರಾಧಿಕಾರವೇ ಕೊಡುತ್ತದೆ. ಕೊಟ್ಟ ಪ್ರತಿಯ ಮೇಲೆ ಯಾವ ಕೆಲಸಕ್ಕೆಂದು ತಾರೀಕು ಸಹಿತ ಅಡ್ಡಲಾಗಿ ಬರೆಯಿರಿ. ವರ್ತಕರು ಪ್ಯಾನ್ ವಿಷಯದಲ್ಲಿ ಇನ್ನೂ ಬಿಗಿಯಾಗಿರಬೇಕು. ಕೂಲಿಯವರ ಪ್ಯಾನ್ ಹಿಡಿದು ಸುಳ್ಳು ಜಿಎಸ್‌ಟಿ ಅಂಗಡಿ ತೆರೆದವರಿದ್ದಾರೆ, ತೆರಿಗೆ ನೋಟೀಸು ಬಂದದ್ದು ಕೂಲಿಯವನ ಮನೆಗೆ.

ಹಣ ಹೋದರೆ? ಕೂಡಲೇ 1930ಕ್ಕೆ ಫೋನ್ ಮಾಡಿ. ಬ್ಯಾಂಕಿಗೆ ಬರವಣಿಗೆಯಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ತಪ್ಪು ಬ್ಯಾಂಕಿನದೂ ಗ್ರಾಹಕನದೂ ಆಗಿರದೆ, ಬ್ಯಾಂಕಿನ ಸಂದೇಶ ಬಂದ 3 ಕೆಲಸದ ದಿನಗಳೊಳಗೆ ಅವನು ತಿಳಿಸಿದರೆ ನಷ್ಟ ಅವನ ತಲೆಗಿಲ್ಲವೆಂದು ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ ಹೇಳಿತು. ತಪ್ಪು ಗ್ರಾಹಕನದೇ ಎನ್ನುವುದಾದರೆ ಅದನ್ನು ರುಜುವಾತು ಮಾಡುವ ಹೊಣೆಯನ್ನೂ ಬ್ಯಾಂಕಿನ ಮೇಲೆಯೇ ಹೊರಿಸಿತು. ಕೌಂಟರಿನಲ್ಲಿ ಇದನ್ನು ಯಾರೂ ತಾವಾಗಿ ಹೇಳುವುದಿಲ್ಲ. ಒಬ್ಬನೇ ಹೋದರೆ ನಾಳೆ ಬಾ ಎನ್ನುತ್ತಾರೆ. ಹತ್ತು ಮಂದಿ ಜೊತೆಗೆ ಹೋಗೋಣ.

ಈ ಭಾನುವಾರ ಬೆಳಿಗ್ಗೆ ಸಂಘದ ಕಚೇರಿಗೆ ಮೊಬೈಲನ್ನೂ ಪಾಸ್‌ಬುಕ್ಕನ್ನೂ ತನ್ನಿ. ಬೀಗ ಹಾಕುವುದನ್ನು ನಾವು ತೋರಿಸಿಕೊಡುತ್ತೇವೆ. ಮನೆಯ ಹೆಂಗಸರನ್ನೂ ಕರೆತನ್ನಿ, ಪಡಿತರಕ್ಕೆ ಬೆರಳು ಒತ್ತುವವರು ಬಹುಮಟ್ಟಿಗೆ ಅವರೇ.